ನೀಲಿ ಯೂನಿಫಾರ್ಮಿನ ಕೌದಿ

ಒಂದು ಹೊಲಿಗೆ ಮಷೀನು ಆರಿಸಲು ನನಗೆ ಏಳು ತಿಂಗಳು ಹಿಡಿಯಿತು. ನನಗೊಬ್ಬ ಗಂಡನನ್ನು ಆರಿಸಲು ನಮ್ಮಪ್ಪನಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅದರಲ್ಲಿಯೂ ಅರ್ಧ ಹೊತ್ತು ಊಟಕ್ಕೆ ಹೋಗಿತ್ತಂತೆ. ಅಪ್ಪ ಆರಿಸಿದ್ದು ಮೂವತ್ತೊಂದು ವರ್ಷ ತಂಟೆಯಿಲ್ಲದೆ ನಡೆಯಿತು. ನಾನು ಆರಿಸಿದ್ದು ಮನೆಯ ಬಾಗಿಲಲ್ಲಿಯೇ ಸಿಕ್ಕಿಬಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಮನೆಯವರು ಗೋವೆಯ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದರು. ಮದುವೆಯಾದ ವರ್ಷವೇ ವಿಜಾಪುರದ ಕಡೆಯಿಂದ ಬಂದು ಆ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಒಂದು ಖೋಲಿ ಹಿಡಿದೆವು. ಈಗಲೂ ನಾನು ಅದೇ ಖೋಲಿಯಲ್ಲಿದ್ದೇನೆ. ನಮಗೆ ಮಕ್ಕಳಾಗಲಿಲ್ಲ. ಅವರ ತಂಗಿ ಒಂಬತ್ತು ವರ್ಷದವಳಿದ್ದಾಗ ನಮ್ಮ ಜೊತೆ ಬಂದಳು. ಅವಳ ಜಡೆ ಹಾಕಿದ್ದು, ಶಾಲೆಗೆ ಕಳಿಸಿದ್ದು, ಮದುವೆ ಮಾಡಿದ್ದು ಎಲ್ಲ ನಾನೇ. ಈಗ ಅವಳು ಸಮುದ್ರದ ದಂಡೆಯಲ್ಲಿ ಮಣಿಸರ, ಲುಂಗಿ ಮಾರುತ್ತಾಳೆ. ಎರಡು ಖೋಲಿ ಆಚೆ ಅವಳ ಸಂಸಾರ.

ಕಾರ್ಖಾನೆಯವರು ವರ್ಷಕ್ಕೆ ಎರಡು ಜೊತೆ ಯೂನಿಫಾರ್ಮು ಕೊಡುತ್ತಿದ್ದರು. ಬೆಂಕಿಯ ಕಿಡಿ ತಾಗಬಾರದೆಂದು ನೀಲಿ ದಪ್ಪ ಬಟ್ಟೆ. ಒಗೆದು ಹಿಂಡಲು ಇಬ್ಬರು ಬೇಕು, ಒಣಗಲು ಎರಡು ದಿನ ಬೇಕು. ಎದೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಿಡಿಯ ತೂತುಗಳಾಗುತ್ತಿದ್ದವು, ಆದರೆ ಬಟ್ಟೆ ಮಾತ್ರ ಹರಿಯುತ್ತಿರಲಿಲ್ಲ. ಕೊನೆಯ ಆರೇಳು ವರ್ಷ ಹಳೆಯದನ್ನು ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ತೊಳೆಸಿ ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದರು. ರಿಟೈರ್ ಆದ ಮೇಲೆ ಇವೆಲ್ಲ ಸೇರಿಸಿ ಒಂದು ಕೌದಿ ಹೊಲಿ, ಮಧ್ಯಾಹ್ನ ಅದರ ಮೇಲೆ ಮಲಗುತ್ತೇನೆ, ಇಷ್ಟು ವರ್ಷ ನಿಂತು ತೊಟ್ಟದ್ದನ್ನು ಒಮ್ಮೆ ಮಲಗಿ ನೋಡಬೇಕು ಎನ್ನುತ್ತಿದ್ದರು. ಅದು ಕೌದಿಯಾಗುವುದಿಲ್ಲ, ತಗಡಿನ ಪತ್ರಾ ಆಗುತ್ತದೆ, ಮನೆಯ ಮೇಲೆ ಹೊದಿಸಬಹುದು ಎಂದು ನಾನು ಹೇಳುತ್ತಿದ್ದೆ.

ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಸಂಜೆ ಕ್ಯಾಂಟೀನಿನಲ್ಲಿ ಚಹಾದ ಜೊತೆ ಎರಡು ಪಾವ್ ಕೊಡುತ್ತಿದ್ದರು. ಗೋವೆಯ ಪಾವ್ ಎಂದರೆ ಅವರಿಗೆ ಜೀವ. ಒಂದೂವರೆ ತಿಂದು, ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟು ನನಗೆ ತರುತ್ತಿದ್ದರು. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಅದು ಅರಳೆ ತಿಂದ ಹಾಗೆ. ತೆಗೆದುಕೊಂಡು, ಅವರು ಮುಖ ತೊಳೆಯಲು ಹೋದಾಗ, ಹಿಂದಿನ ಮನೆಯವರ ಕೋಳಿಗಳಿಗೆ ಹಾಕುತ್ತಿದ್ದೆ. ಮೂವತ್ತೊಂದು ವರ್ಷ ಆ ಮನೆಯ ಕೋಳಿಗಳು ನನ್ನ ಗಂಡನ ಪ್ರೀತಿಯನ್ನು ತಿಂದು ಮೊಟ್ಟೆ ಇಟ್ಟವು. ಕಿಸೆಯಲ್ಲಿ ಉದುರಿದ ಪುಡಿಗೆ ಇರುವೆ ಬರುತ್ತಿದ್ದವು. ಒಗೆಯುವ ಮೊದಲು ಕಿಸೆ ತಿರುವಿ ಝಾಡಿಸುವುದು ನನ್ನ ದಿನದ ಕೆಲಸ, ಜೊತೆಗೆ ಬೈಗುಳವೂ ದಿನದ್ದೇ.

ಹೋದ ವರ್ಷ ಸಂಕ್ರಾಂತಿಯಾಗಿ ಎಂಟು ದಿನಕ್ಕೆ, ಸಂಜೆಯ ಚಹಾ ಮುಗಿಸಿ ಕೆಲಸಕ್ಕೆ ತಿರುಗಿದವರು ಅಲ್ಲಿಯೇ ಕುಸಿದರು. ನಾನು ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮೈಮೇಲಿದ್ದ ಯೂನಿಫಾರ್ಮನ್ನು ಯಾರೋ ಅಚ್ಚುಕಟ್ಟಾಗಿ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಮನೆಗೆ ಬಂದು ಆ ಚೀಲವನ್ನು ಹಾಗೆಯೇ ಟ್ರಂಕಿನಲ್ಲಿ ಉಳಿದ ಯೂನಿಫಾರ್ಮುಗಳ ಮೇಲೆ ಇಟ್ಟು ಕೀಲಿ ಹಾಕಿದೆ. ಆ ಒಂದು ದಿನ ಮಾತ್ರ ನಾನು ಕಿಸೆ ತಿರುವಲಿಲ್ಲ.

ತಿಂಗಳಾದ ಮೇಲೆ ಮನಸ್ಸಿಗೆ ಒಂದು ಕೆಲಸ ಬೇಕಾಯಿತು. ವರ್ಷದ ದಿನ ಅವರ ಫೋಟೋದ ಮುಂದೆ ಎಡೆ ಇಡುವಾಗ ಆ ಕೌದಿಯನ್ನು ಹಾಸಬೇಕು ಎಂದು ನಾದಿನಿಯ ಮುಂದೆ ಹೇಳಿಬಿಟ್ಟೆ. ಮಲಗುವವರು ಹೋದರೂ ಕೇಳಿದ್ದನ್ನಾದರೂ ಕೊಟ್ಟ ಹಾಗಾಗುತ್ತದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳು ಬಿಡುವವಳಲ್ಲ.

ನಾನು ಬ್ಲೌಸು ಹೊಲಿದು, ಸೀರೆಗೆ ಫಾಲ್ ಹಚ್ಚಿ ಬದುಕುವವಳು. ನನ್ನ ಮಷೀನು ಹಳೆಯ ಕರಿ ಮಷೀನು, ಕಾಲಿನಿಂದ ತುಳಿಯುವುದು. ಅವರು ಪ್ರತಿ ರವಿವಾರ ಅದಕ್ಕೆ ಎಣ್ಣೆ ಬಿಡುತ್ತಿದ್ದರು. ನನ್ನ ಮೊಣಕಾಲಿಗೆ ಯಾರೂ ಇಷ್ಟು ಕಾಳಜಿಯಿಂದ ಎಣ್ಣೆ ಹಚ್ಚಲಿಲ್ಲ ಎಂದು ನಾನು ಅಂದರೆ, ನಿನ್ನ ಕಾಲು ಶಬ್ದ ಮಾಡುವುದಿಲ್ಲ, ಬಾಯಿ ಮಾಡುತ್ತದೆ ಎನ್ನುತ್ತಿದ್ದರು. ಆ ಮಷೀನಿನ ಕೆಳಗೆ ಒಂದು ನೀಲಿ ಪ್ಯಾಂಟಿನ ಕಾಲು ಇಟ್ಟು ನೋಡಿದೆ. ಅದು ಟ್ರಂಕಿನದಲ್ಲ, ಹಗ್ಗದ ಮೇಲೆ ಉಳಿದುಹೋಗಿದ್ದ ಒಂದು. ಜೋಡಿನ ಜಾಗದಲ್ಲಿ ಬಟ್ಟೆ ಮಡಚಿ ಮಡಚಿ ಎಂಟು ಪದರಾಗುತ್ತದೆ. ಮೊದಲನೆಯ ಸೂಜಿ ಮುರಿಯಿತು. ಎರಡನೆಯದು ಬಾಗಿತು. ಮೂರನೆಯದು ಹಾರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದನ್ನು ಹುಡುಕಿದ್ದು ಮರುದಿನ ನನ್ನ ಹಿಮ್ಮಡಿ.

ನಾದಿನಿ ಹೊಸ್ತಿಲಲ್ಲಿ ಕೂತು ಮಣಿ ಪೋಣಿಸುತ್ತ ನೋಡುತ್ತಿದ್ದಳು. "ವೈನಿ, ಬದುಕಿದ್ದಾಗ ಅಣ್ಣ ನಿಮ್ಮ ಮಾತ ಕೇಳಲಿಲ್ಲ. ಈಗ ಅವನ ಪ್ಯಾಂಟ ಕೇಳತೈತೇನ್ರಿ?"

ಕೈಯಿಂದ ಹೊಲಿಯಲು ನೋಡಿದೆ. ದಬ್ಬಳ ಬೇಕು ಆ ಬಟ್ಟೆಗೆ. ಹೆಬ್ಬೆರಳು ಬಾತಿತು. ಹೊಸ ಮಷೀನೇ ಬೇಕು, ದಪ್ಪ ಬಟ್ಟೆಯದು, ಕೌದಿ ಹೊಲಿಯುವಂಥದ್ದು ಎಂದು ತೀರ್ಮಾನ ಮಾಡಿದೆ. ಅವರ ಕಾರ್ಖಾನೆಯಿಂದ ಬಂದದ್ದರಲ್ಲಿ ಮಷೀನಿಗೆಂದು ಸ್ವಲ್ಪ ತೆಗೆದಿಟ್ಟೆ. ಆದ್ದರಿಂದ ಮುಂದಿನ ಏಳು ತಿಂಗಳಿಗೆ ಕೈಯಲ್ಲಿ ದುಡ್ಡಿರಲಿಲ್ಲ ಎಂಬ ನೆವವೂ ನನಗಿಲ್ಲ.

ಮೊದಲು ಮಡಗಾಂವ್‌ಗೆ ಹೋದೆ. ಗಾಜಿನ ದೊಡ್ಡ ಅಂಗಡಿ, ಒಳಗೆ ತಂಪು ಗಾಳಿ. ಬಿಳಿಯ ಸಣ್ಣ ಸಣ್ಣ ಮಷೀನುಗಳು, ಸಕ್ಕರೆಯಲ್ಲಿ ಮಾಡಿದ ಹಾಗೆ. ಅಂಗಡಿಯ ಹುಡುಗಿ ಒಂದು ಗುಂಡಿ ಒತ್ತಿದಳು, ಬಟ್ಟೆಯ ಮೇಲೆ ಬಾತುಕೋಳಿಗಳ ಸಾಲು ಬಂತು. ಇನ್ನೊಂದು ಒತ್ತಿದಳು, ಹೂವು ಬಂದವು. ನಾನು ಎಂಟು ಪದರು ಪ್ಯಾಂಟಿನ ಬಟ್ಟೆ ಹೊಲಿಯುತ್ತದೆಯೇ ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ. ಆಂಟಿ, ಡೇರೆ ಹೊಲಿಯುತ್ತೀರಾ ಎಂದಳು. ಅಲ್ಲ, ಕೌದಿ ಎಂದೆ. ಕೌದಿ ಎಂದರೇನೆಂದು ಅವಳಿಗೆ ಹೇಳಲು ಹೋಗಿ, ಹಳೆಯ ಬಟ್ಟೆ, ಗಂಡನದು ಎಂಬಲ್ಲಿಗೆ ಬಂದು ನಿಂತೆ. ಮುಂದಿನ ಹಿಂದಿ ನನಗೆ ಬರಲಿಲ್ಲ. ಬಾತುಕೋಳಿ ಚೆನ್ನಾಗಿದೆ ಎಂದು ಹೇಳಿ ಹೊರಗೆ ಬಂದೆ.

ಆಮೇಲೆ ಯಾರೋ ಮ್ಹಾಪಸಾದ ಅಂಗಡಿ ಹೇಳಿದರು. ಶುಕ್ರವಾರ ಅಲ್ಲಿ ಸಂತೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಬಸ್‌ಸ್ಟ್ಯಾಂಡಿನ ಹಿಂದೆ ಉದ್ದನೆಯ ಕತ್ತಲ ಅಂಗಡಿ, ಎರಡೂ ಕಡೆ ಮಷೀನುಗಳು ನಿಂತಿರುತ್ತವೆ. ಮಾಲಕರು ಗೋವೆಯವರು, ಗಲ್ಲೆಯ ಹಿಂದೆ ಕೂತು ಪೇಪರ್ ಓದುತ್ತಾರೆ, "ಯೇ ಬಾಯ್", ಬಾರಮ್ಮ, ಎಂದು ಕೊಂಕಣಿಯಲ್ಲಿ ಕರೆದು ಮತ್ತೆ ಪೇಪರಿನೊಳಗೆ ಹೋಗುತ್ತಾರೆ. ಮಷೀನು ತೋರಿಸುವುದು, ರಿಪೇರಿ ಮಾಡುವುದು ಎಲ್ಲ ಅಲ್ಲಿಯ ಮೆಕ್ಯಾನಿಕ್. ಬೈಲಹೊಂಗಲ ಕಡೆಯ ಮನುಷ್ಯ, ತಲೆಯೆಲ್ಲ ಬೆಳ್ಳಗಾಗಿದೆ. ನನ್ನ ಹಿಂದಿಯ ಎರಡು ಮಾತು ಕೇಳಿದ್ದೇ, "ಕನ್ನಡದಾಗ ಮಾತಾಡ್ರಿ ಅಕ್ಕಾರ, ಇಬ್ಬರಿಗೂ ತ್ರಾಸ ಕಡಿಮಿ ಆಗತೈತಿ" ಎಂದರು.

ದಪ್ಪ ಬಟ್ಟೆಯ ಮಷೀನು ಆರಿಸುವುದು ಹೇಗೆಂದು ಅವರು ನನಗೆ ಕಲಿಸಿದರು. ಏಳನೆಯ ಇಯತ್ತೆಗೆ ಬಿಟ್ಟ ಶಾಲೆಯನ್ನು ನಾನು ಮತ್ತೆ ಸೇರಿದ ಹಾಗಾಯಿತು. ಹದಿನೆಂಟನೆಯ ನಂಬರಿನ ಸೂಜಿ ಹಿಡಿಯಬೇಕು. ಬಟ್ಟೆಯನ್ನು ಒತ್ತುವ ಪಾದ ಎತ್ತರಕ್ಕೆ ಏಳಬೇಕು, ಇಲ್ಲದಿದ್ದರೆ ಎಂಟು ಪದರು ಕೆಳಗೆ ಹೋಗುವುದಿಲ್ಲ. ಸಾದಾ ಮಷೀನಿನಲ್ಲಿ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ಮುಂದೆ ದೂಡುತ್ತದೆ. ಆಗ ಕೆಳಗಿನ ಪದರು ಮುಂದೆ ಹೋಗಿ ಮೇಲಿನದು ಹಿಂದೆ ಉಳಿಯುತ್ತದೆ. ದಪ್ಪ ಬಟ್ಟೆಗೆ ಮೇಲಿನ ಪಾದವೂ ಹೆಜ್ಜೆ ಹಾಕುವ ಮಷೀನು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಜಾಗ ಬೇಕು, ಇಡೀ ಕೌದಿ ಸುರುಳಿಯಾಗಿ ಅಲ್ಲಿ ತೂರಬೇಕಲ್ಲ.

ಕಲಿತ ಮೇಲೆ ನಾನು ತಪ್ಪು ತೆಗೆಯಲು ಶುರು ಮಾಡಿದೆ. ಒಂದು ಮಷೀನಿನ ಸದ್ದು ಬಹಳ, ಚಾಳಿನವರು ಬಂದು ಜಗಳ ತೆಗೆಯುತ್ತಾರೆ ಎಂದೆ. ಸದ್ದಿಲ್ಲದ್ದು ತೋರಿಸಿದರು, ಓಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದೆ. ಒಂದು ಹಗುರ, ನಡುಗುತ್ತದೆ. ಒಂದು ಭಾರ, ಕಸ ಹೊಡೆಯಲು ಸರಿಸುವುದು ಹೇಗೆ. ಒಂದರ ಮೋಟರು ಸರಪಳಿ ಬಿಚ್ಚಿದ ನಾಯಿಯ ಹಾಗೆ ಓಡುತ್ತದೆ. ಒಂದರ ಬಣ್ಣ ಸರಿಯಿಲ್ಲ. ಇನ್ನೊಂದರ ಮೇಜು ನಮ್ಮ ಬಾಗಿಲಲ್ಲಿ ಹಿಡಿಯುತ್ತದೋ ಇಲ್ಲವೋ, ಅಳತೆ ಮಾಡಿಕೊಂಡು ಬರುತ್ತೇನೆ ಎಂದೆ. ಮುಂದಿನ ಶುಕ್ರವಾರ ಅಳತೆ ಮರೆತು ಬಂದೆ. ಅದರ ಮುಂದಿನ ಶುಕ್ರವಾರ ದಾರದಿಂದ ಬಾಗಿಲನ್ನು ಅಳೆದು, ಆ ದಾರವನ್ನು ಬಸ್ಸಿನಲ್ಲಿ ಮೆಣಸಿನಕಾಯಿ ಗಂಟಿಗೆ ಕಟ್ಟಿಬಿಟ್ಟೆ.

ಹೀಗೆ ಬೇಸಿಗೆ ಹೋಯಿತು, ಮಳೆ ಹಿಡಿಯಿತು. ಮಾಲಕರು ನನ್ನನ್ನು ಕಂಡರೆ ಪೇಪರ್ ಕೆಳಗಿಡದೆಯೇ ಚಹಾಕ್ಕೆ ಹೇಳುತ್ತಿದ್ದರು. ಪ್ರತಿ ಸಲವೂ ನಾನು ಒಂದು ಚೀಲ ಒಯ್ಯುತ್ತಿದ್ದೆ. ಅದರಲ್ಲಿ ಆ ಹಗ್ಗದ ಮೇಲಿನ ಪ್ಯಾಂಟು, ಹೊಲಿದು ನೋಡಲೆಂದು. ಪ್ರತಿ ಸಲವೂ ಅಂಗಡಿಯ ಡೇರೆ ಬಟ್ಟೆಯ ತುಂಡಿನ ಮೇಲೆ ಹೊಲಿದು, ಚೀಲದ ಬಾಯಿ ಬಿಚ್ಚದೆ ತಿರುಗಿ ಬರುತ್ತಿದ್ದೆ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

ಒಂದು ಶುಕ್ರವಾರ ಮೆಕ್ಯಾನಿಕ್ ಮಷೀನಿನ ಮೇಲೆ ಬಟ್ಟೆ ಹೊದಿಸುತ್ತ, ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು. "ಅಕ್ಕಾರ, ಮಷೀನಿನಾಗ ಏನೂ ತಪ್ಪಿಲ್ಲ. ನೀವು ಆ ಚೀಲ ಬಿಚ್ಚವಲ್ರಿ. ಬಿಚ್ಚಿದ ದಿನಾ ನಿಮಗ ಮಷೀನ ಸಿಗತೈತಿ."

ನನಗೆ ಸಿಟ್ಟು ಬಂತು. ಇನ್ನು ಈ ಅಂಗಡಿಗೆ ಬರುವುದಿಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಇಳಿಯಿತು, ಕೆಳಗೆ ಇದ್ದದ್ದು ಕಾಣಿಸಿತು. ಮಷೀನು ಮನೆಗೆ ಬಂದರೆ ಕತ್ತರಿ ತೆಗೆಯಬೇಕು. ಅವರ ತೋಳು, ಅವರ ಕಾಲರು, ಅವರ ಸೊಂಟದ ಪಟ್ಟಿ ಕತ್ತರಿಸಬೇಕು. ಊರ ಮಂದಿಯ ಪ್ಯಾಂಟುಗಳನ್ನು ವಿಚಾರ ಮಾಡದೆ ಗಿಡ್ಡ ಮಾಡಿ ಕೊಟ್ಟವಳು ನಾನು. ಈ ಹನ್ನೆರಡು ಹದಿಮೂರು ಪ್ಯಾಂಟುಗಳ ಮುಂದೆ ನನಗೆ ಮಷೀನುಗಳ ಬಣ್ಣ ಸರಿ ಕಾಣುತ್ತಿರಲಿಲ್ಲ.

ತಿಳಿಯಿತು ಎಂದರೆ ಕೂಡಲೇ ಮಾಡಿದೆ ಎಂದಲ್ಲ. ಮತ್ತೆ ಮೂರು ವಾರ ಸುಮ್ಮನೆ ಕೂತೆ. ಮಳೆಯಿದೆ, ಬಸ್ಸಿನಲ್ಲಿ ತೋಯುತ್ತೇನೆ ಎಂದು ಹೇಳಿಕೊಂಡೆ.

ಮಳೆಗಾಲದಲ್ಲಿ ಸಮುದ್ರದ ದಂಡೆಯ ವ್ಯಾಪಾರ ನಿಲ್ಲುತ್ತದೆ. ನಾದಿನಿ ದಿನವೆಲ್ಲ ನನ್ನ ಖೋಲಿಯಲ್ಲಿಯೇ ಇರುತ್ತಿದ್ದಳು. ಒಂದು ದಿನ ಮೂಗು ಎಳೆದುಕೊಂಡು, ಈ ಖೋಲಿಯಲ್ಲಿ ಏನೋ ನಾರುತ್ತಿದೆ ಎಂದಳು. ಮಳೆಯ ವಾಸನೆ ಎಂದೆ. ಅವಳು ಕೇಳಲಿಲ್ಲ. ಅಡುಗೆಯ ಮೂಲೆ ನೋಡಿದಳು, ಹಾಸಿಗೆ ಎತ್ತಿದಳು, ಕೊನೆಗೆ ಟ್ರಂಕಿನ ಹತ್ತಿರ ಹೋಗಿ ನಿಂತು ಕೀಲಿ ಕೇಳಿದಳು. ನಾನು ಕೊಡಲಿಲ್ಲ. ನನ್ನ ಕೊರಳಿನ ದಾರದಿಂದ ಅವಳೇ ಬಿಚ್ಚಿಕೊಂಡಳು. ಅವಳನ್ನು ಅಷ್ಟು ಧೈರ್ಯದಿಂದ ಬೆಳೆಸಿದ್ದೂ ನಾನೇ.

ಮುಚ್ಚಳ ತೆಗೆದರೆ ನೀಲಿಯೇ ಇಲ್ಲ. ಮೇಲೆಲ್ಲ ಬೂದಿ ಬಣ್ಣದ ಬೂಷ್ಟು, ಬೆಕ್ಕಿನ ಮೈಯಂತೆ ಮೆತ್ತಗೆ. ಪ್ಲಾಸ್ಟಿಕ್ ಚೀಲ ಬಿಚ್ಚಿದ್ದು ನಾನು. ಒಳಗಿನ ಅಂಗಿಯ ಎಡಗಡೆಯ ಕಿಸೆ ಪೂರ್ತಿ ಕಪ್ಪಾಗಿತ್ತು. ಬೆರಳು ಹಾಕಿದೆ. ಕಾಗದದ ಒಂದು ಪೊಟ್ಟಣ ಕೈಗೆ ಬಂತು, ಬರುತ್ತಲೇ ಪುಡಿಯಾಯಿತು.

ಆ ದಿನದ ಅರ್ಧ ಪಾವ್.

ಬೂಷ್ಟು ಅಲ್ಲಿಂದಲೇ ಹೊರಟಿತ್ತು. ಎಡಗಿಸೆಯಿಂದ ಅಂಗಿಗೆ, ಅಂಗಿಯಿಂದ ಚೀಲದ ಬಾಯಿಗೆ, ಅಲ್ಲಿಂದ ಕೆಳಗಿನ ರಾಶಿಗೆ. ಬಟ್ಟೆಗಳನ್ನು ಜೋಪಾನ ಮಾಡುತ್ತೇನೆಂದು ನಾನು ಅನ್ನವನ್ನೂ ಅರಿವೆಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ ಗೋವೆಯ ಮಳೆಗಾಲಕ್ಕೆ ಬಿಟ್ಟಿದ್ದೆ. ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡು ಕಾವಲೂ ಕಾದಿದ್ದೆ. ಮೂರನೆಯ ಇಯತ್ತೆಯ ಮಕ್ಕಳಿಗೆ ಗೊತ್ತಿರುವ ಮಾತು ನನಗೆ ಹೊಳೆಯಲಿಲ್ಲ.

ನಾದಿನಿ ಬೈಯುತ್ತಾಳೆ ಎಂದು ಕಾದೆ. ಅವಳು ಕಾಗದದ ಚೂರು ನೋಡಿದಳು, ನನ್ನನ್ನು ನೋಡಿದಳು. "ನೀರ ಕಾಸ್ರಿ" ಎಂದಳು, ಅಷ್ಟೇ.

ದೊಡ್ಡ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿದೆವು. ತಿಕ್ಕಿದೆವು. ಮಳೆ ಬಿಟ್ಟಾಗ ಹೊರಗೆ, ಬಂದಾಗ ಒಳಗೆ, ಹೀಗೆ ಒಂದು ವಾರ ಹಗ್ಗ ಕಾದೆವು. ಎರಡು ಪ್ಯಾಂಟು, ಮೂರು ಅಂಗಿ ಮುಟ್ಟಿದರೆ ಹರಿದವು. ಅವರ ಕೊನೆಯ ಅಂಗಿಯ ಎಡಗಡೆಯೂ ಹೋಯಿತು. ಬಲಗಡೆ ಉಳಿಯಿತು, ಅದರ ಕಿಸೆಯೂ ಗಟ್ಟಿಯಾಗಿಯೇ ಇತ್ತು. ಉಳಿದವುಗಳ ಮೇಲೆ ಬೂದುಬಣ್ಣದ ಉಂಗುರಗಳು ನಿಂತೇಬಿಟ್ಟವು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಇನ್ನೊಂದು ಮಳೆಗಾಲ ತಾಳುವ ಬಟ್ಟೆಗಳಲ್ಲ ಇವು ಎಂಬುದು ನೋಡಿದರೇ ತಿಳಿಯುತ್ತಿತ್ತು.

ಆ ಶುಕ್ರವಾರ ಮ್ಹಾಪಸಾದ ಅಂಗಡಿಯಲ್ಲಿ ಚಹಾ ಬರುವ ಮೊದಲೇ ಚೀಲ ಬಿಚ್ಚಿದೆ. ಈ ಸಲ ಅದರಲ್ಲಿದ್ದದ್ದು ಟ್ರಂಕಿನ ಪ್ಯಾಂಟು. ಮೆಕ್ಯಾನಿಕ್ ಅದನ್ನು ಮೂಸಿ ನೋಡಿದರು. ಮೂಲೆಯಲ್ಲಿದ್ದ ಹಸಿರು ಬಣ್ಣದ ಮಷೀನಿನ ಕಡೆ ನಡೆದರು, ಬಣ್ಣ ಸರಿಯಿಲ್ಲ ಎಂದು ನಾನು ಬೇಸಿಗೆಯಲ್ಲಿ ಬಿಟ್ಟ ಮಷೀನು. ಎಂಟು ಪದರಿನ ಜೋಡು ಸೂಜಿಯ ಕೆಳಗೆ ಹೋಯಿತು, ಆಚೆ ಬಂತು. ಸೂಜಿ ಮುರಿಯಲಿಲ್ಲ. ಹೊಲಿಗೆ ಜೋಳದ ಕಾಳು ಜೋಡಿಸಿದ ಹಾಗೆ ಬಂದಿತ್ತು. ಇದೇ ಇರಲಿ ಎಂದೆ. ಮಾಲಕರು ಆ ದಿನ ಮೊದಲ ಸಲ ಪೇಪರ್ ಕೆಳಗಿಟ್ಟರು.

ಹೊರಡುವಾಗ ಮೆಕ್ಯಾನಿಕ್ ಒಂದು ಮಾತು ಹೇಳಿದರು. "ನಡಕಿಂದ ಸುರು ಮಾಡಿ ಹೊರಗ ಹೋಗ್ರಿ ಅಕ್ಕಾರ. ಕೈ ಹೊಲಿಗಿ ಹಂಗ ದಂಡಿಯಿಂದ ಒಳಗ ಬರಬ್ಯಾಡ್ರಿ, ಅರಿವಿ ಉಬ್ಬತೈತಿ." ನಾನು ತಲೆಯಾಡಿಸಿದೆ. ಗಂಡಸರಿಗೆ ಕೌದಿಯ ವಿಚಾರ ಏನು ಗೊತ್ತು ಎಂದು ಒಳಗೆ ಅಂದುಕೊಂಡೆ.

ಟೆಂಪೋದಲ್ಲಿ ಬಂದ ಮಷೀನು ನಮ್ಮ ಬಾಗಿಲಲ್ಲಿ ಹಿಡಿಯಲಿಲ್ಲ. ಅಗಲ ಹೆಚ್ಚೆಂದು ನಾನು ನಾಲ್ಕು ಮಷೀನುಗಳನ್ನು ಬಿಟ್ಟಿದ್ದೆ. ಇದು ಆ ನಾಲ್ಕಕ್ಕಿಂತಲೂ ಅಗಲ. ಅರ್ಧ ತಾಸು ಅದು ಹೊಸ್ತಿಲಲ್ಲಿ ನಿಂತಿತ್ತು, ನಾನು ಒಳಗೆ, ಮಷೀನು ನಡುವೆ, ಚಾಳಿನವರೆಲ್ಲ ಹೊರಗೆ. ಕಾಲು ಬಿಚ್ಚಿ, ಹಲಗೆಯನ್ನು ಓರೆ ಮಾಡಿ ಒಳಗೆ ತಂದರು.

ಮರುದಿನ ಮುಂಜಾನೆ ಕತ್ತರಿ ಹಾಕಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮೊದಲ ಪ್ಯಾಂಟು ಕಷ್ಟವಾಯಿತು, ನಾಲ್ಕನೆಯದರ ಹೊತ್ತಿಗೆ ಅದು ಬಟ್ಟೆಯಾಗಿತ್ತು.

ಹೊಲಿಯಲು ಕೂತಾಗ ನಾದಿನಿ ಪಕ್ಕದಲ್ಲಿದ್ದಳು. ಹಳೆಯ ಮಷೀನಿನ ರೂಢಿಯಲ್ಲಿ ಪೂರಾ ಕಾಲು ಒತ್ತಿದೆ. ಮೋಟರು ಹಾರಿತು. ಬಟ್ಟೆ ನನ್ನ ಕೈ ಬಿಟ್ಟು ತಾನೇ ಓಡಿತು. ಕಾಲು ತೆಗೆಯುವುದು ಬಿಟ್ಟು ಇನ್ನೂ ಒತ್ತಿದೆ. ನಿಂತ ಮೇಲೆ ಏಳಲು ಹೋದರೆ ಏಳಲಾಗಲಿಲ್ಲ. ನನ್ನ ಸೆರಗು ಅವರ ಪ್ಯಾಂಟಿನ ಜೊತೆ ಗೇಣುದ್ದ ಹೊಲಿದುಹೋಗಿತ್ತು, ಜೋಡು ಹೊಲಿಗೆಯಷ್ಟು ಗಟ್ಟಿ.

"ನೋಡ್ರಿ," ಎಂದಳು ನಾದಿನಿ, "ಸತ್ತರೂ ನಮ್ಮಣ್ಣ ನಿಮ್ಮ ಸೆರಗ ಬಿಡವಲ್ಲ."

ಇಬ್ಬರೂ ನಕ್ಕೆವು. ಬಹಳ ಹೊತ್ತು ನಕ್ಕೆವು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ನೋಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಅವಳೇ ಬ್ಲೇಡು ತಂದು ಒಂದೊಂದೇ ಹೊಲಿಗೆ ಬಿಚ್ಚಿದಳು. ಸೆರಗಿನಲ್ಲಿ ತೂತಿನ ಸಾಲು ಈಗಲೂ ಇದೆ.

ನನ್ನವ್ವ ಕೌದಿ ಹೊಲಿಯುತ್ತಿದ್ದದ್ದು ದಂಡೆಯಿಂದ. ನಾಲ್ಕೂ ಕಡೆ ಸುತ್ತುತ್ತ, ಸುತ್ತುತ್ತ ಒಳಗೆ ಬರುವುದು, ರೈತರು ಹೊಲ ಉಳುವ ಹಾಗೆ. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಮುಗಿಯುವ ದಿನ ಮನೆಯಲ್ಲಿ ಹೋಳಿಗೆ ಮಾಡಿ, ಉಗುರಿನಷ್ಟು ಹೋಳಿಗೆಯನ್ನು ಆ ಹೊಟ್ಟೆಯಲ್ಲಿಟ್ಟು ಮೇಲೆ ಒಂದು ತುಂಡು ಹಾಕಿ ಹೊಲಿಯುತ್ತಿದ್ದಳು. ಹೊದ್ದವರನ್ನು ಬೆಚ್ಚಗಿಡುವ ಕೌದಿ ತಾನು ಹಸಿದಿರಬಾರದು ಎಂದು. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಎಲ್ಲರ ಕೌದಿಗೂ ಇರುವೆ ಬರುತ್ತಿದ್ದವು.

ನಾನೂ ಹಾಗೆಯೇ ದಂಡೆಯಿಂದ ಶುರು ಮಾಡಿದೆ. ಕೆಳಗೆ ಅವರ ಹಳೆಯ ಲುಂಗಿಗಳು, ನಡುವೆ ಪ್ಯಾಂಟು, ಮೇಲೆ ಅಂಗಿಯ ತುಂಡುಗಳು. ಸುತ್ತು ಮೇಲೆ ಸುತ್ತು. ಕೌದಿ ನನಗಿಂತ ಭಾರವಾಯಿತು. ತಿರುವುವಾಗ ನಾದಿನಿ ಒಂದು ಮೂಲೆ ಹೊತ್ತು ಮೇಜಿನ ಸುತ್ತ ನಡೆಯುತ್ತಿದ್ದಳು. ಹತ್ತನೆಯ ಸುತ್ತಿಗೆ ನಡುವೆ ಬಟ್ಟೆ ಸ್ವಲ್ಪ ಏಳುತ್ತಿರುವುದು ಕಂಡೆ. ಸರಿಹೋಗುತ್ತದೆ ಎಂದುಕೊಂಡೆ. ಕೈಹೊಲಿಗೆಯಲ್ಲಿ ಅಂಗೈಯಿಂದ ಸವರಿ ಸವರಿ ಸರಿಮಾಡಬಹುದು. ಮಷೀನು ಸವರುವುದಿಲ್ಲ, ಸಿಕ್ಕಿದ್ದನ್ನೆಲ್ಲ ಒಳಗೆ ದೂಡುತ್ತದೆ. ಇಪ್ಪತ್ತನೆಯ ಸುತ್ತಿಗೆ ನಟ್ಟನಡುವೆ ಒಂದು ದೊಡ್ಡ ಗುಬ್ಬಟೆ ಎದ್ದು ಕೂತಿತ್ತು, ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ. ಕೈಯಿಂದ ಒತ್ತಿದರೆ ಇಲ್ಲಿ ಇಳಿದು ಅಲ್ಲಿ ಏಳುತ್ತಿತ್ತು.

"ಐದ ತಿಂಗಳ ಬಸರಿ ಆಗೈತ್ರಿ ನಿಮ್ಮ ಕೌದಿ" ಎಂದಳು ನಾದಿನಿ.

ಬಿಚ್ಚಲು ಹೋದೆ. ಎರಡು ಸುತ್ತು ಬಿಚ್ಚುವುದರೊಳಗೆ ಬೂಷ್ಟು ತಿಂದ ಬಟ್ಟೆ ಹೊಲಿಗೆಯ ತೂತಿನಲ್ಲಿಯೇ ಹರಿಯತೊಡಗಿತು. ಎಲ್ಲ ಬಿಚ್ಚಿದರೆ ಕೈಗೆ ದಾರ ಮಾತ್ರ ಉಳಿಯುತ್ತಿತ್ತು. ವರ್ಷದ ದಿನಕ್ಕೆ ಉಳಿದದ್ದು ಹತ್ತು ದಿನ. ನಾಚಿಕೆ ಬಿಟ್ಟು ಮ್ಹಾಪಸಾಗೆ ಫೋನು ಮಾಡಿದೆ. ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು, ನಡುವಿನಿಂದ ಶುರು ಮಾಡಿದಿರಿ ಅಲ್ಲವೇ ಎಂದು ಕೇಳಿದರು. ಇಲ್ಲ, ದಂಡೆಯಿಂದ ಎಂದು ಒಪ್ಪಿಕೊಂಡೆ. ಹಾಗಾದರೆ ಗುಬ್ಬಟೆಯನ್ನು ನಡುವೆ ಕೊಯ್ಯಿರಿ, ಹೆಚ್ಚಾದ ಬಟ್ಟೆ ಒಂದರ ಮೇಲೊಂದು ಮಡಚಿ, ಮೇಲೆ ತೇಪೆ ಹಾಕಿರಿ ಎಂದರು.

ಕೊಯ್ದೆ. ಮಡಚಿದೆ. ಸಮ ಬಂತು ಎಂದು ಹೇಳಲಾರೆ, ಕೂತಿತು. ಮೇಲೆ ಹಾಕುವ ತೇಪೆಗೆ ರಾಶಿಯಲ್ಲಿ ಹುಡುಕಿದೆ. ಅವರ ಕೊನೆಯ ಅಂಗಿಯ ಬಲಗಡೆ ಸಿಕ್ಕಿತು, ಕಿಸೆಯ ಸಮೇತ. ಕಿಸೆಯನ್ನು ಬಿಚ್ಚದೆ, ಅದರ ಸುತ್ತ ಕತ್ತರಿಸಿ, ಕೌದಿಯ ನಟ್ಟನಡುವೆ ಇಟ್ಟು ಕೈಯಿಂದಲೇ ಹೊಲಿದೆ. ಏಳು ತಿಂಗಳು ಹುಡುಕಿ ತಂದ ಮಷೀನು ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಕಿಸೆಯ ಬಾಯಿಯನ್ನು ಮಾತ್ರ ತೆರೆದು ಬಿಟ್ಟೆ.

ವರ್ಷದ ದಿನ ನಸುಕಿನಲ್ಲಿ ಎದ್ದು ಹೋಳಿಗೆ ಮಾಡಿದೆವು. ಫೋಟೋ ಒರೆಸಿ, ಮುಂದೆ ಕೌದಿ ಹಾಸಿದೆವು. ಸರಿಯಾಗಿ ಹಾಸಿದರೂ ನಡುವೆ ಸ್ವಲ್ಪ ಉಬ್ಬಿಯೇ ಇತ್ತು. ಎಡೆ ಬಡಿಸಿ, ಉಗುರಿನಷ್ಟು ಹೋಳಿಗೆ ಮುರಿದು ಕೈಯಲ್ಲಿ ಹಿಡಿದೆ. ಕಿಸೆಗೆ ಹಾಕಲು ಹೋದವಳು ನಿಂತೆ. ಹೊರಗೆ ಸೈಕಲಿನ ಹಾರ್ನ್ ಕೇಳಿಸುತ್ತಿತ್ತು, ದಿನವೂ ಮುಂಜಾನೆ ಬರುವ ಪಾವ್ ಮಾರುವವನದು.

ಹೋಳಿಗೆಯ ಚೂರನ್ನು ಎಡೆಯಲ್ಲಿಯೇ ಇಟ್ಟು, ಹೊರಗೆ ಹೋಗಿ ಒಂದು ಪಾವ್ ಕೊಂಡೆ. ಇಷ್ಟು ವರ್ಷದಲ್ಲಿ ನಾನು ಅವನನ್ನು ನಿಲ್ಲಿಸಿದ್ದು ಅದೇ ಮೊದಲು. ಮನೆಗೆ ಯಾರು ಬಂದಿದ್ದಾರೆ ಎಂದು ಅವನು ಕೇಳಿದ. ಯಾರೂ ಇಲ್ಲ ಎಂದೆ.

ಪಾವ್ ಇನ್ನೂ ಬಿಸಿಯಿತ್ತು. ಅರ್ಧ ಮಾಡಿದೆ. ಒಂದು ಅರ್ಧವನ್ನು ಎಡೆಯಲ್ಲಿ, ಹೋಳಿಗೆಯ ಪಕ್ಕ ಇಟ್ಟೆ. ಇನ್ನೊಂದರಿಂದ ಒಂದು ಚೂರು ಮುರಿದು ಕೌದಿಯ ಕಿಸೆಗೆ ಹಾಕಿದೆ. ಉಳಿದದ್ದನ್ನು ಅಲ್ಲಿಯೇ ಕೂತು ತಿಂದೆ. ಸಪ್ಪಗಿತ್ತು. ಚಹಾ ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ ಅದು. ಆದರೂ ಪೂರ್ತಿ ತಿಂದೆ, ಅಂಗೈಯ ಪುಡಿಯನ್ನೂ ಬಿಡಲಿಲ್ಲ.

ಸೂಜಿಗೆ ದಾರ ಪೋಣಿಸಿ ಕಿಸೆಯ ಬಾಯಿ ಹೊಲಿಯುತ್ತಿದ್ದಾಗ ನಾದಿನಿ ಪಕ್ಕದಲ್ಲಿ ಬಂದು ಕೂತಳು.

"ಇರವಿ ಬರ್ತಾವ್ರಿ, ವೈನಿ."

"ಬರ್ಲಿ ಬಿಡು" ಎಂದೆ.

ಮೂರನೆಯ ದಿನ ಬಂದವು. ಹೊಸ್ತಿಲಿನಿಂದ ಸಾಲು ಹಿಡಿದು, ಹಸಿರು ಮಷೀನಿನ ಕಾಲನ್ನು ಬಳಸಿಕೊಂಡು, ನೇರ ಕೌದಿಯ ಹೊಟ್ಟೆಗೆ. ಅವಕ್ಕೆ ದಾರಿ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಕೌದಿಯನ್ನು ಎತ್ತಿ ಹಗ್ಗದ ಮೇಲೆ ಹಾಕಿ, ಬೈಯುತ್ತ ಝಾಡಿಸಿದೆ.